ಗುರುವಾರದ ನೊರೆ

ಯತಿನ್ ಮೊದಲ ಸಲ ನಮ್ಮ ಮನೆಗೆ ಬಂದಾಗ ಸ್ಕಿಮ್ಮರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದರಿಂದ ನನ್ನ ಮಾನ ಹೋಯಿತು.

ಹಾಳಾಗಿದೆ, ನಿಂತೇ ಹೋಗಿದೆ, ಬೇಗ ಬನ್ನಿ ಎಂದು ವಾರವಿಡೀ ಫೋನಿನಲ್ಲಿ ಅವನ ತಲೆ ತಿಂದವಳು ನಾನೇ. ಭಾನುವಾರ ಬೆಳಿಗ್ಗೆ ಬದಲಾಪುರದಿಂದ ಲೋಕಲ್ ರೈಲು ಹಿಡಿದು, ಹೆಗಲಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಡೊಂಬಿವಲಿಗೆ ಬಂದವನು ಮೀನಿನ ಟ್ಯಾಂಕಿನ ಕೆಳಗಿನ ಕಪಾಟು ತೆಗೆದು ಮಂಡಿಯೂರಿ ಕೂತ. ಎರಡು ನಿಮಿಷ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಕೆನ್ನೆಯಲ್ಲಿ ಕಾಣುತ್ತಿತ್ತು.

“ಮೇಡಂ, ಇದು ನನಗಿಂತ ಆರೋಗ್ಯವಾಗಿ ಉಂಟು.”

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ತಪ್ಪಿನಲ್ಲಿ ದೊಡ್ಡ ಪಾಲು ಅದರದ್ದೇ.

ಸ್ಕಿಮ್ಮರ್ ಎಂದರೆ ಉಪ್ಪುನೀರಿನ ಟ್ಯಾಂಕಿನ ಕೊಳೆ ತೆಗೆಯುವ ಯಂತ್ರ. ಬೆಲ್ಲದ ಪಾಕ ಕಾಯಿಸುವಾಗ ಕಲ್ಮಶವೆಲ್ಲ ನೊರೆಯಾಗಿ ಮೇಲೆ ಬರುವುದಿಲ್ಲವೇ, ಹಾಗೆ. ಇದರ ಪಂಪು ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆ ಮಾಡುತ್ತದೆ, ಗುಳ್ಳೆಗೆ ಕೊಳೆ ಅಂಟುತ್ತದೆ, ನೊರೆ ಒಂದು ಕೊಳವೆಯಲ್ಲಿ ಮೇಲೇರಿ ಕಪ್ಪಿಗೆ ಬೀಳುತ್ತದೆ. ನೊರೆ ಎದ್ದರೆ ನೀರು ಶುದ್ಧ, ಹವಳ ಅರಳುತ್ತದೆ. ನೊರೆ ಬಿದ್ದರೆ ಒಂದೊಂದಾಗಿ ಎಲ್ಲ ಮುದುಡಿಕೊಳ್ಳುತ್ತವೆ.

ನಮ್ಮಲ್ಲಿ ವಾರದ ದಿನಗಳಲ್ಲಿ ಸಂಜೆಯಾದರೆ ನೊರೆ ಬೀಳುತ್ತಿತ್ತು. ವಾಶಿಯಲ್ಲಿ ಆಫೀಸು ಮುಗಿಸಿ, ಥಾಣೆಯಲ್ಲಿ ಗಾಡಿ ಬದಲಿಸಿ, ಎಂಟೂ ಕಾಲಿಗೆ ನಾನು ಮನೆ ಸೇರುವ ಹೊತ್ತಿಗೆ ಕೊಳವೆ ಖಾಲಿ. ಬೆಳಿಗ್ಗೆ ಎದ್ದು ನೋಡಿದರೆ ಏನೂ ಆಗದವರ ಹಾಗೆ ಮತ್ತೆ ನೊರೆ ಎದ್ದಿರುತ್ತಿತ್ತು. ಒಂದೂವರೆ ತಿಂಗಳಿಂದ ಇದೇ ಆಟ. ಮೂರು ಹವಳ ಬಿಳಿಚಿಕೊಂಡಿದ್ದವು.

ಆ ಟ್ಯಾಂಕನ್ನು ನಾಲ್ಕು ವರ್ಷದ ಹಿಂದೆ ನಾನೇ ಆಸೆಪಟ್ಟು ತಂದದ್ದು. ಎರಡು ಕಿತ್ತಳೆ ಮೀನು, ಬೆನ್ನ ಮೇಲೆ ಬಿಳಿ ಗೆರೆಯಿರುವ ಒಂದು ಕೆಂಪು ಸಿಗಡಿ. ಬೆಳ್ಳುಳ್ಳಿ ಹಾಕುವ ಮೊದಲು ಎರಡು ಸಲ ಯೋಚಿಸುವ ಉಡುಪಿಯವರ ಮನೆಯಲ್ಲಿ ಇದು ಸಣ್ಣ ಸಾಹಸವಲ್ಲ. ಮೀನಿನ ಆಹಾರವನ್ನು ಫ್ರಿಜ್ಜಿನಲ್ಲಿಡಲು ಅಮ್ಮ ವೇದಾವತಿ ಒಂದು ವರ್ಷ ಬಿಡಲಿಲ್ಲ. ಕೊನೆಗೆ ಸ್ಟೀಲ್ ಡಬ್ಬಿಯೊಳಗೆ ಇನ್ನೊಂದು ಡಬ್ಬಿ, ಅದರ ಮೇಲೆ ಪ್ಲಾಸ್ಟಿಕ್, ಮುಟ್ಟಿದರೆ ಕೈತೊಳೆ ಎಂಬ ಒಪ್ಪಂದವಾಯಿತು.

ಈಗ ಆ ಟ್ಯಾಂಕಿನ ಎದುರು ಇಡೀ ದಿನ ಕೂತಿರುತ್ತಿದ್ದವರು ಅಪ್ಪ. ಮುರಾರಿಯವರ ಹೋಟೆಲು ಎಂದರೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಎಲ್ಲರಿಗೂ ಗೊತ್ತು. ಮೂವತ್ತೈದು ವರ್ಷ ದೋಸೆಕಲ್ಲಿನ ಮುಂದೆ ತಾವೇ ನಿಂತವರು. ಜನವರಿಯಲ್ಲಿ ಸ್ಟ್ರೋಕ್ ಆಯಿತು. ಮಾತು, ನಡಿಗೆ ಮರಳಿತು. ಬಲಗೈ ಆಡುವುದನ್ನೂ ಕಲಿಯಿತು. ಆದರೆ ಆ ಕೈಗೆ ಸ್ಪರ್ಶ ಇರಲಿಲ್ಲ, ಬಿಸಿ ತಣ್ಣಗೆ ಒಂದೂ ತಿಳಿಯುತ್ತಿರಲಿಲ್ಲ. ಆರು ತಿಂಗಳೊಳಗೆ ಸ್ವಲ್ಪವಾದರೂ ಬಂದರೆ ಪೂರ್ತಿ ಬರಬಹುದು, ಬರದಿದ್ದರೆ ಆಸೆ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಮೇ ತಿಂಗಳು ನಡೆಯುತ್ತಿತ್ತು. ಅಮ್ಮ ಊರಿನಿಂದ ಬಸ್ಸಿನಲ್ಲಿ ತರಿಸಿದ ತೈಲ ಬೆಚ್ಚಗೆ ಮಾಡಿ ದಿನಾ ಸಂಜೆ ಆರಕ್ಕೆ ಅಪ್ಪನ ಕೈಗೆ ತಿಕ್ಕಿ, ಎಣ್ಣೆ ಹೀರಲಿ, ತೊಳೆಯಬೇಡಿ ಎಂದು ಹೇಳಿ, ಆರೂಮುಕ್ಕಾಲಿಗೆ ಭಜನೆಗೆ ಹೋಗುತ್ತಿದ್ದಳು.

ಟ್ಯಾಂಕಿಗೆ ಕೈ ಹಾಕಬಾರದೆಂದು ಅಪ್ಪನಿಗೆ ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಕೆಲವು ಹವಳ ಚುಚ್ಚುತ್ತವೆ, ಕಲ್ಲು ತರಚುತ್ತದೆ. ಸಕ್ಕರೆ ಕಾಯಿಲೆಯವರು, ಗಾಯವಾದರೂ ಗೊತ್ತಾಗುವುದಿಲ್ಲ. ಅಪ್ಪ ಆಯಿತು ಎಂದಿದ್ದರು. ನೊರೆಯ ತೊಂದರೆ ಶುರುವಾದ ಮೇಲೆ ಇನ್ನೊಂದು ಮಾತೂ ಹೇಳಿದ್ದೆ. ಒಂದು ತಿಂಗಳು ನೋಡುತ್ತೇನೆ, ಸರಿಯಾಗದಿದ್ದರೆ ಟ್ಯಾಂಕನ್ನು ಆಫೀಸಿನ ಅಭಿಜಿತ್‌ಗೆ ಕೊಟ್ಟುಬಿಡುತ್ತೇನೆ, ಜೀವಗಳು ಸಾಯುವುದನ್ನು ನೋಡಲಾರೆ ಎಂದು. ಅದಕ್ಕೆ ಅಪ್ಪ ಆಯಿತು ಎನ್ನಲಿಲ್ಲ.

ಯತಿನ್ ಮುಂದಿನ ಭಾನುವಾರ ಮತ್ತೆ ಬಂದ. ಸ್ಕಿಮ್ಮರ್ ಮತ್ತೆ ಚೆನ್ನಾಗಿತ್ತು. ಈ ಸಲ ಅವನು ನಗಲಿಕ್ಕೆ ಹೋಗಲಿಲ್ಲ. ಅಡುಗೆಮನೆಯಿಂದ ವಿನೆಗರ್ ಕೇಳಿ ಪಂಪನ್ನು ಅದರಲ್ಲಿ ನೆನೆಸಿದ. ಗಾಳಿಯ ಕೊಳವೆಯಲ್ಲಿ ಉಪ್ಪು ಕಟ್ಟಿದೆಯೇ ಎಂದು ಬಾಯಿಟ್ಟು ಊದಿ ನೋಡಿದ. ನೀರಿನ ಮಟ್ಟ ಅಳೆದ. ಕಪ್ಪನ್ನು ಸೋಪಿನಲ್ಲಿ ತೊಳೀತೀರಾ ಎಂದು ಕೇಳಿದ. ನಾನೇನು ಅಷ್ಟು ದಡ್ಡಿಯೇ ಎಂದು ಕೇಳಿದೆ.

“ದಡ್ಡಿ ಅಲ್ಲ, ಜೋರು,” ಎಂದ, ಕೊಳವೆಯನ್ನೇ ನೋಡುತ್ತ.

ಆಗ ಅವನ ಕೈ ಮೊಣಕೈಯವರೆಗೆ ಒದ್ದೆಯಾಗಿತ್ತು. ಹುಬ್ಬಿನ ಮೇಲೆ ಒಣಗಿದ ಉಪ್ಪಿನ ಒಂದು ಬಿಳಿ ಗೆರೆ. ಒರೆಸಿಕೊಳ್ಳಿ ಎಂದು ಟವೆಲ್ ಕೊಟ್ಟರೆ ಅವನು ಅದರಿಂದ ನೆಲ ಒರೆಸಿದ. ಆ ಗೆರೆಯನ್ನು ಹೋಗುವವರೆಗೂ ನಾನು ನೋಡುತ್ತಲೇ ಇದ್ದೆ, ಅವನು ನೋಡಿದಾಗಲೆಲ್ಲ ಗಡಿಯಾರ ನೋಡಿದೆ. ಚಹಾ ಕುಡಿಯುವಾಗ ಅವನ ವಿಷಯ ಸ್ವಲ್ಪ ತಿಳಿಯಿತು. ಮಲ್ಪೆಯ ಮೊಗವೀರರು. ಅಜ್ಜನದ್ದು ದೋಣಿ, ಅಪ್ಪನದ್ದು ದೋಣಿ. ಇವನು ಮಾತ್ರ ಮೀನನ್ನು ನೀರಿನಿಂದ ಹೊರಗೆ ತೆಗೆಯುವ ಬದಲು ನೀರಿನೊಳಗೆ ಬದುಕಿಸುವ ಕೆಲಸ ಹಿಡಿದಿದ್ದ. ಥಾಣೆಯಿಂದ ಬದಲಾಪುರದವರೆಗೆ ಇಪ್ಪತ್ತೆರಡು ಟ್ಯಾಂಕು ಅವನ ಕೈಯಲ್ಲಿದ್ದವು.

ಸಂಜೆ ಕೆಡುವುದನ್ನು ಸಂಜೆಯೇ ನೋಡಬೇಕು, ಗುರುವಾರ ಏಳಕ್ಕೆ ಬರುತ್ತೇನೆ ಎಂದು ಹೇಳಿಹೋದ.

ಆ ಗುರುವಾರ ನಾನು ಬಾಗಿಲು ತೆಗೆದಾಗ ಅಪ್ಪ ಕುರ್ಚಿಯಲ್ಲಿ, ಅವನು ನೆಲದ ಮೇಲೆ, ಇಬ್ಬರೂ ಏನೋ ಮಾತಾಡುತ್ತಿದ್ದವರು ಥಟ್ಟನೆ ಸುಮ್ಮನಾದರು. ಏನು ಗೊತ್ತಾಯಿತು ಎಂದು ಕೇಳಿದೆ. ಪಂಪಿನಲ್ಲಿ ಸ್ವಲ್ಪ ತೊಂದರೆ, ಸಮಯ ಬೇಕು, ಪ್ರತಿ ಗುರುವಾರ ಬಂದು ನೋಡುತ್ತೇನೆ ಎಂದ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹಾಗೆ ಗುರುವಾರಗಳು ಶುರುವಾದವು. ನಿಜ ಹೇಳುತ್ತೇನೆ, ಎರಡನೆಯ ಗುರುವಾರದಿಂದಲೇ ನಾನು ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಓಡಲು ಕಲಿತೆ. ಮೂರನೆಯ ಗುರುವಾರ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಕಾಡಿಗೆ ಹಚ್ಚಿದೆ, ಗಾಡಿ ದಿವಾ ಸ್ಟೇಷನ್ನಿನಲ್ಲಿ ಜಗ್ಗಿದ್ದಕ್ಕೆ ಅದು ಕಿವಿಯವರೆಗೆ ಹೋಯಿತು. ಮನೆಗೆ ಬಂದರೆ ಅವನು ಕಪಾಟಿನೊಳಗಿಂದ ಒಮ್ಮೆ ತಿರುಗಿ ನೋಡಿ, “ಇವತ್ತು ಗಾಡಿ ಐದು ನಿಮಿಷ ಲೇಟಲ್ವಾ,” ಎಂದ. ನನ್ನ ಗಾಡಿಯ ಲೆಕ್ಕ ಇವನಿಗೇಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಕೇಳಿದರೆ ಹೇಳುವುದನ್ನು ನಿಲ್ಲಿಸಿಬಿಟ್ಟರೆ ಎಂಬ ಭಯ.

ಆದರೆ ನೊರೆ ಮಾತ್ರ ಏಳಲಿಲ್ಲ. ನೀರು ಮೊದಲಿಗಿಂತ ತಿಳಿಯಾಗಿತ್ತು, ಹೌದು. ಸಂಜೆಯ ನೊರೆ ಮಾತ್ರ ಇಲ್ಲ. ನಾಲ್ಕನೆಯ ವಾರ ಗಮನಿಸಿದೆ, ಟ್ಯಾಂಕಿನ ಎಡಮೂಲೆಯಲ್ಲಿದ್ದ ನನ್ನ ಹವಳಗಳು ಬಲಕ್ಕೆ ಹೋಗಿದ್ದವು. ಕಲ್ಲುಗಳೂ ಇಲ್ಲ. ಆ ಮೂಲೆಯಲ್ಲಿ ಬರೀ ಮರಳು. ನನ್ನನ್ನು ಒಂದು ಮಾತೂ ಕೇಳದೆ. ಅನುಮಾನ ಎನ್ನುವುದು ಒಮ್ಮೆ ಒಳಗೆ ಬಂದರೆ ಕೂತಲ್ಲಿ ಕೂರುವುದಿಲ್ಲ. ಬುಧವಾರ ಬೆಳಿಗ್ಗೆ ಪಂಪನ್ನು ಬಿಚ್ಚಿ ಬಕೆಟ್ಟಿನಲ್ಲಿಟ್ಟು ಓಡಿಸಿ ನೋಡಿದೆ. ಹೊಸದರ ಹಾಗೆ ಓಡಿತು. ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ, ಯಾವತ್ತೂ ಇರಲಿಲ್ಲ.

ಮರುದಿನ ಸಂಜೆ ಚಪ್ಪಲಿಯನ್ನೂ ಬಿಚ್ಚದೆ ಕೇಳಿದೆ. “ಪಂಪ್ ಸರಿ ಇದೆ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ನೆಪ ಹೇಳಿಕೊಂಡು ಪ್ರತಿ ವಾರ ಬರ್ತೀರಿ?”

ಅವನು ಅಪ್ಪನನ್ನು ನೋಡಿದ. ಅಪ್ಪ ತಮ್ಮ ಕೈಯನ್ನು ನೋಡಿಕೊಂಡರು. ಅವನು ಸಾಮಾನನ್ನು ಬ್ಯಾಗಿಗೆ ತುಂಬತೊಡಗಿದ. ನಾನು ಇನ್ನೂ ಏನೇನೋ ಹೇಳಿದೆ. ಹೆಣ್ಣುಮಕ್ಕಳಿರುವ ಮನೆಗೆ ಬರಲು ಇದೊಂದು ದಾರಿ ಮಾಡಿಕೊಂಡಿದ್ದೀರಿ ಎಂದೂ ಹೇಳಿದೆ. ಆ ಮಾತನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಬಾಗಿಲಲ್ಲಿ ನಿಂತು ಅವನು ಒಂದೇ ಮಾತು ಹೇಳಿದ.

“ಟ್ಯಾಂಕ್ ಮಾತ್ರ ಯಾರಿಗೂ ಕೊಡ್ಬೇಡಿ ಮೇಡಂ.”

ನಾನು ಬಾಗಿಲು ಹಾಕಿಕೊಂಡೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವನು ಮೋಸ ಮಾಡಿದ ಎಂದು ಅತ್ತದ್ದಲ್ಲ, ಇನ್ನು ಗುರುವಾರವೇ ಇಲ್ಲವಲ್ಲ ಎಂದು ಅತ್ತದ್ದು.

ಶುಕ್ರವಾರ ಆಫೀಸಿನಲ್ಲಿ ಅಭಿಜಿತ್‌ಗೆ ಟ್ಯಾಂಕು ಒಯ್ಯಲು ಹೇಳಿದೆ. ಬುಧವಾರ ಎಂಟು ಗಂಟೆಗೆ ಟೆಂಪೊ ತರುತ್ತೇನೆ ಎಂದ. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅಪ್ಪ ತಟ್ಟೆಯ ಮುಂದಿನಿಂದ ಎದ್ದರು. ಅಮ್ಮ ಕೇಳಿದ್ದಕ್ಕೆ ಹಸಿವಿಲ್ಲ ಎಂದರು.

ಬುಧವಾರ ಮೀನುಗಳನ್ನು ಬಕೆಟ್ಟಿಗೆ ಹಾಕುವ ಕೆಲಸವಿದೆಯೆಂದು ಬೇಗ ಹೊರಟು ಏಳು ಗಂಟೆಗೇ ಮನೆ ತಲುಪಿದೆ. ನನ್ನ ಕೀಲಿಯಿಂದ ಬಾಗಿಲು ತೆಗೆದೆ.

ಅಪ್ಪ ಟ್ಯಾಂಕಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಬಲಗೈ ಮೊಣಕೈಯವರೆಗೆ ನೀರಿನಲ್ಲಿತ್ತು, ಎಡಮೂಲೆಯ ಖಾಲಿ ಮರಳಿನ ಮೇಲೆ, ಅಂಗೈ ಮೇಲಾಗಿ. ಕೆಂಪು ಸಿಗಡಿ ಅಂಗೈ ಮೇಲೆ ನಿಂತು ಬೆರಳುಗಳನ್ನು ಒಂದೊಂದಾಗಿ ಕೆದಕಿ ಶುಚಿ ಮಾಡುತ್ತಿತ್ತು. ಆ ಜಾತಿಯ ಸಿಗಡಿಯ ಕಸುಬೇ ಅದು. ಅಪ್ಪನ ಕಣ್ಣು ಮುಚ್ಚಿತ್ತು. ಅವರು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, “ಉಂಗುರದ ಬೆರಳು. ಈಗ ನಡುಬೆರಳು. ಈಗ ಎಲ್ಲಿ ಹೋಯ್ತು ಮಾರಾಯ, ಹಾಂ, ಹೆಬ್ಬೆರಳು.”

ನಾನು ಸಿಗಡಿಯನ್ನು ನೋಡಿದೆ. ಅಪ್ಪ ಹೇಳಿದ್ದು ಒಂದೂ ತಪ್ಪಿರಲಿಲ್ಲ.

ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣದ ಪದರ ಹರಡಿತ್ತು. ಅಮ್ಮನ ತೈಲ. ಕೆಳಗೆ ಕಪಾಟಿನಲ್ಲಿ ನನ್ನ ಕಣ್ಣೆದುರೇ ನೊರೆ ಕೊಳವೆಯಿಂದ ಇಳಿಯುತ್ತಿತ್ತು. ಎಣ್ಣೆ ಸೋಕಿದರೆ ಗುಳ್ಳೆ ನಿಲ್ಲುವುದಿಲ್ಲ, ನೊರೆ ಬೀಳುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ನಮ್ಮ ಮನೆಗೆ ಅನ್ವಯಿಸಿ ನೋಡಿರಲಿಲ್ಲ ಅಷ್ಟೇ.

ಅಪ್ಪ ಕಣ್ಣು ತೆರೆದು ನನ್ನನ್ನು ಕಂಡು ಸಣ್ಣ ಮಕ್ಕಳ ಹಾಗೆ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಎಲ್ಲ ಹೇಳಿದರು. ಏಪ್ರಿಲ್‌ನಲ್ಲಿ ಒಂದು ದಿನ ಬೇಜಾರಿಗೆ ಕೈ ಹಾಕಿದ್ದಂತೆ, ಕಿರುಬೆರಳಲ್ಲಿ ಏನೋ ಹರಿದ ಹಾಗಾಯಿತಂತೆ. ಮೂರು ತಿಂಗಳಲ್ಲಿ ಮೊದಲ ಸಲ. ಅದು ಭ್ರಮೆಯೋ ಏನೋ ಎಂದು ನಾನು ಆಫೀಸಿಗೆ ಹೋದ ದಿನವೆಲ್ಲ ಹಾಕಿದರು. ಮೊದಲ ಗುರುವಾರ ಏಳಕ್ಕೆ ಬಂದ ಯತಿನ್ ಅದನ್ನು ಕಂಡುಬಿಟ್ಟ.

“ಅವ ನನಗೆ ಬೈದ, ಗೊತ್ತುಂಟಾ? ಮಗಳಿಗೆ ಹೇಳಿ ಅಂತ ವಾರ ವಾರ ಹೇಳ್ತಿದ್ದ. ಡಾಕ್ಟ್ರ ಹತ್ರ ಹೋಗುವವರೆಗೆ ಸುಮ್ಮನಿರು ಅಂತ ನಾನೇ ಮಾತು ತಗೊಂಡದ್ದು. ನೀವು ಆಸೆ ಇಟ್ಕೊಂಡು, ಆಮೇಲೆ ಅದು ಸುಳ್ಳಾದ್ರೆ? ನಿನ್ನ ಅಮ್ಮ ಎರಡನೇ ಸಲ ಅಳುದು ನನಗೆ ನೋಡ್ಲಿಕ್ಕೆ ಆಗುದಿಲ್ಲ.”

ಬರೀ ನೀರಿನಲ್ಲಿ ತೊಳೆದರೆ ಎಣ್ಣೆಯ ಪಸೆ ಹೋಗದು, ಸೋಪು ಟ್ಯಾಂಕಿಗೆ ಆಗದು. ಎಣ್ಣೆ ಹಚ್ಚುವ ಹೊತ್ತು ಬದಲಿಸಿದ್ದರೆ ಸಾಕಿತ್ತು, ಆದರೆ ಹಾಗೆ ಮಾಡಲು ಅಮ್ಮನಿಗೆ ಕಾರಣ ಹೇಳಬೇಕಿತ್ತು. ಆದ್ದರಿಂದ ಯತಿನ್ ಚುಚ್ಚುವ ಹವಳ, ಚೂಪು ಕಲ್ಲು ಎಲ್ಲವನ್ನೂ ಆ ಮೂಲೆಯಿಂದ ತೆಗೆದ. ಪ್ರತಿ ವಾರ ಬಂದು ಅಪ್ಪನ ಬೆರಳುಗಳನ್ನು ಟಾರ್ಚು ಹಿಡಿದು ಗಾಯವಿದೆಯೇ ಎಂದು ನೋಡುತ್ತಿದ್ದ. ಎಣ್ಣೆ ಹೀರಲು ಇದ್ದಿಲಿನ ಚೀಲ ಬದಲಿಸುತ್ತಿದ್ದ, ನೀರು ಬದಲಿಸುತ್ತಿದ್ದ. ನನ್ನ ಬಾಯಿಂದ ಅಷ್ಟೆಲ್ಲ ಕೇಳಿಕೊಂಡು, ಕೊಟ್ಟ ಮಾತು ಮುರಿಯದೆ ಹೊರಟುಹೋದ.

ಅಭಿಜಿತ್‌ಗೆ ಫೋನ್ ಮಾಡಿ ಬೇಡ ಎಂದೆ. ಅಮ್ಮ ಭಜನೆಯಿಂದ ಬಂದ ಮೇಲೆ ಮೂವರೂ ಟ್ಯಾಂಕಿನ ಮುಂದೆ ಕೂತು ಅತ್ತೆವು, ನಕ್ಕೆವು. ಸಿಗಡಿಗೆ ಅಮ್ಮ ಕೈಮುಗಿದಳು. ಇನ್ನು ಮೇಲೆ ಮೊದಲು ಟ್ಯಾಂಕು, ಆಮೇಲೆ ಎಣ್ಣೆ ಎಂದು ಅವಳೇ ತೀರ್ಮಾನಿಸಿದಳು.

ಮರುದಿನ ಬೆಳಿಗ್ಗೆ ನಾನು ವಾಶಿಯ ಕಡೆಗೆ ಹೋಗದೆ ಕಲ್ಯಾಣದ ಗಾಡಿ ಹತ್ತಿದೆ. ಗುರುವಾರ ಬೆಳಿಗ್ಗೆ ಅಲ್ಲಿನ ಒಂದು ದಂತ ಚಿಕಿತ್ಸಾಲಯದ ಟ್ಯಾಂಕು ತೊಳೆಯುತ್ತಾನೆಂದು ಅವನೇ ಹಿಂದೊಮ್ಮೆ ಹೇಳಿದ್ದ. ಇನ್ನೂ ರೋಗಿಗಳು ಬಂದಿರಲಿಲ್ಲ. ಅವನು ಸ್ಟೂಲಿನ ಮೇಲೆ ನಿಂತು ಭುಜದವರೆಗೆ ಕೈಯನ್ನು ನೀರಿಗಿಳಿಸಿದ್ದ. ನನ್ನನ್ನು ಕಂಡರೂ ಕೈ ತೆಗೆಯಲಿಲ್ಲ.

“ಬೈಯಲಿಕ್ಕೆ ಏನಾದ್ರೂ ಬಾಕಿ ಉಂಟಾ?”

“ಅಪ್ಪ ಎಲ್ಲ ಹೇಳಿದ್ರು.”

ಅವನು ನಿಧಾನವಾಗಿ ಕೆಳಗಿಳಿದ. ಬೈಯಬೇಕಾದ್ದು ಹೌದು ಎಂದ. ಅವರ ಕೈಗೆ ಏನಾದರೂ ಆಗಿದ್ದರೆ ತಾನು ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು ಎಂದು ಎಷ್ಟೋ ಸಲ ಅನಿಸಿತ್ತಂತೆ.

ಗಾಡಿಯಲ್ಲಿ ಕೂತು ಏನೇನೋ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೂ ಅದಲ್ಲ. ಅಪ್ಪನ ಬೆರಳಿಗೆ ಜೀವ ಬಂದಿದೆ, ಅದು ನಿಮ್ಮಿಂದ ಉಳಿಯಿತು, ನಾನು ಅದನ್ನು ಟೆಂಪೊದಲ್ಲಿ ಕಳಿಸಿಬಿಡುತ್ತಿದ್ದೆ ಎಂದೆ. ನನ್ನ ಜೀವನದಲ್ಲಿ ಯಾರಿಗೂ ಇಷ್ಟು ಋಣಿಯಾಗಿಲ್ಲ ಎಂದೆ. ಅವನು ಒದ್ದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ.

“ಥ್ಯಾಂಕ್ಸ್ ಅರ್ಧ ಸಾಕು,” ಎಂದ. “ಅವತ್ತು ನೀವು ಹೇಳಿದ್ದು ಅರ್ಧ ನಿಜ. ಇದ್ದಿಲು ಬದಲಿಸ್ಲಿಕ್ಕೆ, ನೀರು ಬದಲಿಸ್ಲಿಕ್ಕೆ ಅರ್ಧ ಗಂಟೆ. ಏಳೂವರೆಗೆ ನನ್ನ ಕೆಲಸ ಮುಗೀತಿತ್ತು. ಎಂಟೂ ಕಾಲಿನವರೆಗೆ ಕೂತದ್ದು ಅಂಕಲ್‌ಗೋಸ್ಕರ ಅಲ್ಲ.”

ಟ್ಯಾಂಕಿನ ಬೆಳಕು ಅವನ ಒಂದು ಕೆನ್ನೆಯ ಮೇಲೆ ನೀಲಿಯಾಗಿ ಆಡುತ್ತಿತ್ತು. ಆ ಕೆನ್ನೆಯಲ್ಲಿ ಈ ಸಲ ನಗು ಇರಲಿಲ್ಲ, ಹೆದರಿಕೆ ಇತ್ತು. ಇಷ್ಟು ದಿನದಲ್ಲಿ ಮೊದಲ ಸಲ ನಾನು ಗಡಿಯಾರದ ಕಡೆ ತಿರುಗದೆ ಅವನನ್ನೇ ನೋಡಿದೆ.

“ಇವತ್ತು ಗುರುವಾರ,” ಎಂದೆ.

“ಗೊತ್ತುಂಟು.”

“ಬನ್ನಿ. ಬ್ಯಾಗ್ ತರಬೇಡಿ.”

ಸಂಜೆ ಏಳಕ್ಕೆ ಅವನು ಬಂದ. ಬ್ಯಾಗಿಲ್ಲದ ಭುಜ ಅವನಿಗೇ ಅಪರಿಚಿತವಾಗಿತ್ತು. ಅಮ್ಮ ಭಜನೆಗೆ ಹೋಗಿರಲಿಲ್ಲ. ಅವನಿಗೆ ಚಹಾ ಕೊಟ್ಟು, ಕೈಮುಗಿದು, ಮಾಡಿದ ಉಪಕಾರ ಮರೆಯುವುದಿಲ್ಲ ಎಂದಳು. ಆಮೇಲೆ, ಇನ್ನು ಟ್ಯಾಂಕಿನಲ್ಲಿ ಏನು ರಿಪೇರಿ ಬಾಕಿ ಇದೆ ಎಂದು ಕೇಳಿದಳು. ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ನಾನು ಕೂತಿದ್ದೆ, ಅಲ್ಲಿಂದಲೇ ಉತ್ತರ ಕೊಟ್ಟೆ.

“ರಿಪೇರಿ ಇಲ್ಲ ಅಮ್ಮ. ನಾನೇ ಬರಹೇಳಿದ್ದು. ನನಗೆ ಇವರು ಇಷ್ಟ. ಮದುವೆ ಅಂತ ಆದ್ರೆ ಇವರನ್ನೇ.”

ಅಮ್ಮ ನನ್ನನ್ನು ನೋಡಿ, ಅವನನ್ನು ನೋಡಿ, ಚಹಾದ ತಟ್ಟೆಯನ್ನು ನೋಡಿದಳು. ಉಪಕಾರ ಬೇರೆ, ಸಂಬಂಧ ಬೇರೆ, ಅವರಲ್ಲಿ ಮೀನು ಅಡುಗೆ ಮಾಡುತ್ತಾರೆ, ನಾಳೆ ಊರಲ್ಲಿ ನಿನ್ನ ದೊಡ್ಡಪ್ಪಂದಿರಿಗೆ ಏನು ಹೇಳುವುದು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಆ ಮಾತುಗಳಲ್ಲಿ ಸುಳ್ಳೇನೂ ಇರಲಿಲ್ಲ. ಯತಿನ್ ಎದ್ದು ನಿಂತ. ದೊಡ್ಡವರು ಬೇಡ ಎಂದರೆ ತಾನು ಒತ್ತಾಯ ಮಾಡುವವನಲ್ಲ ಎಂದ. ನಾನು ಅಪ್ಪನ ಕುರ್ಚಿಯ ಕೈ ಹಿಡಿದುಕೊಂಡೆ.

ಆಗ ಅಪ್ಪ ಬಲಗೈಯನ್ನು ನನ್ನ ಕೈಯ ಮೇಲಿಟ್ಟರು. ಕಣ್ಣು ಟ್ಯಾಂಕಿನ ಕಡೆಗಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ತಿರುಗಿ ನನ್ನನ್ನು ನೋಡಿದರು.

“ನಿನ್ನ ಕೈ ಯಾಕೆ ಇಷ್ಟು ತಣ್ಣಗಾಗಿದೆ? ಎಂತಕ್ಕೆ ಹೆದರುದು ಮಗಾ, ನಾನಿಲ್ವಾ?”

ತಾವೇನು ಹೇಳಿದೆವೆಂದು ಅಪ್ಪನಿಗೇ ಆಮೇಲೆ ಹೊಳೆಯಿತು. ಅವರು ನನ್ನ ಕೈಯನ್ನು ಬಿಟ್ಟು ಮತ್ತೊಮ್ಮೆ ಹಿಡಿದು ನೋಡಿದರು. ಹೌದು, ತಣ್ಣಗೇ ಉಂಟು ಎಂದರು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಅಪ್ಪನ ಕೈಯನ್ನೇ ನೋಡಿದಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಯತಿನ್‌ಗೆ, ನಿಂತದ್ದು ಯಾಕೆ, ಕೂತ್ಕೊಳ್ಳಿ, ಊಟ ಮಾಡಿಕೊಂಡೇ ಹೋಗಬೇಕು ಎಂದು ಹೇಳಿ ಅನ್ನಕ್ಕಿಡಲು ಒಳಗೆ ಹೋದಳು.